ಪರದೇಶದ ವಿದ್ಯೆ, ವಿಮೆಯ ಅರ್ಜಿ ಮತ್ತು ಸತ್ಯಾಣುವ್ರತ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟದ ಮನೆಗಳಲ್ಲಿ ಒಂದು ಕಾಲಕ್ಕೆ ಮಕ್ಕಳನ್ನು ಓದಿಗೆಂದು ಮಂಗಳೂರಿಗೋ ಮೈಸೂರಿಗೋ ಕಳುಹಿಸುವುದೇ ದೊಡ್ಡ ಸಂಗತಿಯಾಗಿತ್ತು. ಇಂದು ಅದೇ ಮನೆಗಳಿಂದ ಮಕ್ಕಳು ಜರ್ಮನಿ, ಇಂಗ್ಲೆಂಡು, ಆಸ್ಟ್ರೇಲಿಯ, ಅಮೆರಿಕಗಳಿಗೆ ಹೊರಡುತ್ತಿದ್ದಾರೆ. ಹೊರಡುವ ಮುನ್ನ ತುಂಬಬೇಕಾದ ಕಾಗದಗಳಲ್ಲಿ ಆರೋಗ್ಯ ವಿಮೆಯ ಅರ್ಜಿಯೂ ಒಂದು. ನಮ್ಮ ದೇಶದಲ್ಲಿ ಕೊಳ್ಳುವ ಇಂಥ ವಿಮೆಯ ಅರ್ಜಿಯಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆಯಿರುತ್ತದೆ: ವಿದ್ಯಾರ್ಥಿಗೆ ಈ ಮೊದಲೇ ಯಾವುದಾದರೂ ಕಾಯಿಲೆ ಇದೆಯೇ? ಈ ಒಂದು ಸಾಲಿಗೆ ಬರೆಯುವ ಉತ್ತರದಲ್ಲಿ ಶ್ರಾವಕನ ಸತ್ಯಾಣುವ್ರತ, ಅಚೌರ್ಯಾಣುವ್ರತಗಳೆರಡೂ ಪರೀಕ್ಷೆಗೆ ಒಳಗಾಗುತ್ತವೆ.

ಉದಾಹರಣೆಗಾಗಿ ಕಳಸದ ಸಮೀಪದ ಒಬ್ಬ ಬೆಳೆಗಾರರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳಿಗೆ ಪರದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸ್ಥಾನ ದೊರೆತಿದೆ. ತೋಟದ ಮೇಲೆ ಸಾಲವಾಗಿದೆ. ಬಾಲ್ಯದಿಂದಲೂ ಮಗಳಿಗೆ ಮಳೆಗಾಲದಲ್ಲಿ ಉಬ್ಬಸ; ಎರಡು ವರ್ಷಗಳಿಂದ ಅಷ್ಟಾಗಿ ಕಾಡಿಲ್ಲ. ಅರ್ಜಿ ತುಂಬಿಸುವ ಏಜೆಂಟರು, “ಇಲ್ಲ ಎಂದೇ ಬರೆಯಿರಿ, ಎಲ್ಲರೂ ಹಾಗೆಯೇ ಬರೆಯುವುದು. ಹೌದು ಎಂದರೆ ಕಂತು ಏರುತ್ತದೆ, ಇಲ್ಲವೇ ಆ ಕಾಯಿಲೆಯನ್ನೇ ವಿಮೆಯಿಂದ ಹೊರಗಿಡುತ್ತಾರೆ” ಎನ್ನುತ್ತಾರೆ. “ಮಗು ಈಗ ಚೆನ್ನಾಗಿಯೇ ಇದ್ದಾಳಲ್ಲ” ಎಂದು ತಾಯಿ ಹೇಳುತ್ತಾರೆ. ತಂದೆಯ ಲೇಖನಿ ತಡೆದು ನಿಲ್ಲುತ್ತದೆ. ಇಲ್ಲಿ ದುರಾಶೆಯಿಲ್ಲ, ಮೋಸದ ಹಂಬಲವಿಲ್ಲ. ಇರುವುದು ಮಗಳ ಮೇಲಿನ ಮಮತೆ. ಆದುದರಿಂದಲೇ ಈ ಪ್ರಶ್ನೆ ವಿಚಾರಕ್ಕೆ ಯೋಗ್ಯವಾದುದು.

ಮೊದಲಿಗೆ, ಜೈನನು ವಿಮೆ ಮಾಡಿಸುವುದೇ ಸರಿಯೇ ಎಂದು ಕೇಳುವ ಹಿರಿಯರಿದ್ದಾರೆ. ರೋಗವು ಅಸಾತಾವೇದನೀಯ ಕರ್ಮದ ಉದಯದಿಂದ ಬರುವಂಥದು, ಅದಕ್ಕೆ ಯಾವ ವಿಮೆ ಎಂಬುದು ಅವರ ವಾದ. ಆದರೆ ಕರ್ಮಸಿದ್ಧಾಂತವು ಪುರುಷಾರ್ಥವನ್ನು ಎಂದೂ ನಿರಾಕರಿಸಿಲ್ಲ. ಔಷಧವೇ ವ್ಯರ್ಥವಾಗಿದ್ದರೆ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೂ, ಮಂಗರಾಜನು ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನೂ ರಚಿಸುತ್ತಿರಲಿಲ್ಲ, ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸುತ್ತಲೂ ಇರಲಿಲ್ಲ. ಇನ್ನು ವಿಮೆಯೂ ಜೂಜಲ್ಲವೇ ಎಂಬ ಶಂಕೆ. ಜೂಜುಗಾರನು ಇಲ್ಲದ ಅಪಾಯವನ್ನು ಲಾಭಕ್ಕಾಗಿ ಹುಟ್ಟಿಸಿಕೊಳ್ಳುತ್ತಾನೆ. ವಿಮೆ ಮಾಡಿಸುವವನು ಇರುವ ಅಪಾಯದ ಭಾರವನ್ನು ಹಲವರೊಡನೆ ಹಂಚಿಕೊಳ್ಳುತ್ತಾನೆ. ಎರಡೂ ಒಂದೇ ಅಲ್ಲ.

ಈ ಹಂಚಿಕೆಯ ಲೆಕ್ಕವನ್ನು ವ್ಯಾಪಾರಸ್ಥರ ರೀತಿಯಲ್ಲಿಯೇ ನೋಡಬೇಕು. 1,000 ವಿದ್ಯಾರ್ಥಿಗಳು ತಲಾ 30,000 ರೂಪಾಯಿ ಕೊಟ್ಟರೆ 3 ಕೋಟಿಯಾಗುತ್ತದೆ. ಅವರಲ್ಲಿ 20 ಮಂದಿ ಆಸ್ಪತ್ರೆ ಸೇರಿ ತಲಾ 10 ಲಕ್ಷ ವೆಚ್ಚವಾದರೆ 2 ಕೋಟಿ ಹೋಗಿ, ಉಳಿದುದರಲ್ಲಿ ಆಡಳಿತವೂ ಲಾಭವೂ ನಡೆಯುತ್ತವೆ. ಕಾಯಿಲೆ ಮುಚ್ಚಿಟ್ಟು ಸೇರಿದ ಇನ್ನೂ 15 ಮಂದಿಗೆ ಅಷ್ಟೇ ವೆಚ್ಚವಾದರೆ ಮೂರೂವರೆ ಕೋಟಿ ಬೇಕು. ಕೂಡಿದ ಹಣ ಸಾಲದು. ಮರುವರ್ಷ ಕಂತು ಏರುತ್ತದೆ. ಏರಿದ ಕಂತನ್ನು ತೆರುವವರು ಯಾರು? ಇನ್ನೊಂದು ಊರಿನ, ಸಾಲ ಮಾಡಿಯೇ ಹೊರಟ ಇನ್ನೊಬ್ಬ ಬಡ ತಂದೆ. ಕರ್ನಾಟಕದ ರೈತರಿಗೆ ಈ ತತ್ತ್ವ ಹೊಸದಲ್ಲ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರು ಮೊದಲಿಗೆ ತಿಂಗಳಿಗೆ 5 ರೂಪಾಯಿಯಂತೆ ಕೂಡಿಸಿಯೇ ಶಸ್ತ್ರಚಿಕಿತ್ಸೆಯ ಆಸರೆ ಪಡೆದರು. ಜೀವಿಗಳು ಪರಸ್ಪರ ಉಪಕಾರಿಗಳಾಗಿ ಬಾಳುವುದನ್ನು ತತ್ತ್ವಾರ್ಥಸೂತ್ರವು ತನ್ನ ಐದನೆಯ ಅಧ್ಯಾಯದಲ್ಲಿ ಹೇಳಿದೆ. ಅಂಥ ಉಪಕಾರದ ಒಂದು ವ್ಯಾವಹಾರಿಕ ರೂಪವೇ ಈ ಸಾಮೂಹಿಕ ನಿಧಿ.

ಹಾಗಾದರೆ ‘ಇಲ್ಲ’ ಎಂಬ ಬರಹ ಏನಾಯಿತು? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು; ಪರರನ್ನು ವಂಚಿಸಲು ಸುಳ್ಳು ಪತ್ರ ಬರೆಯುವುದು ಎಂದು ಅದರ ಅರ್ಥ. ಅದರ ಜೊತೆಯ ಇನ್ನೊಂದು ಅತಿಚಾರ ನ್ಯಾಸಾಪಹಾರ. ಅದನ್ನು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿರುವ ಬಗೆ ಬಹಳ ಸೂಕ್ಷ್ಮವಾದುದು. ಅಡವಿಟ್ಟವನು ತಾನು ಇಟ್ಟಷ್ಟನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದೆಂದು ಒಪ್ಪಿ ಅಷ್ಟನ್ನೇ ಕೊಡುವುದೂ ದೋಷವೇ. ಇನ್ನೊಬ್ಬನಿಗೆ ಗೊತ್ತಿಲ್ಲದುದರಿಂದ ಲಾಭ ಪಡೆಯುವುದೇ ಅಲ್ಲಿಯ ತಪ್ಪು. ಹೀಗಿರುವಾಗ, ಬಾಯಿಬಿಟ್ಟು ಕೇಳಿದ ಪ್ರಶ್ನೆಗೆ ಮರೆಮಾಚಿದರೆ ಹೇಳುವುದೇನು? ಚೀಲದ ಮೇಲೆ ಒಣಗಿದ ಕಾಫಿಯನ್ನೂ ತಳದಲ್ಲಿ ಹಸಿ ಬೀಜವನ್ನೂ ತುಂಬಿ ಮಾರುವುದು ಪ್ರತಿರೂಪಕ ವ್ಯವಹಾರವೆಂದು ನಮ್ಮ ಯಾವ ವರ್ತಕನೂ ಒಪ್ಪುತ್ತಾನೆ. ಅರ್ಜಿಯ ಚೀಲಕ್ಕೂ ಅದೇ ನ್ಯಾಯ.

ಲೌಕಿಕ ಕಾನೂನೂ ಇದನ್ನೇ ಹೇಳುತ್ತದೆ. 1766ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರು ವಿಮೆಯು ಪರಮ ವಿಶ್ವಾಸದ ಒಪ್ಪಂದವೆಂಬ ತತ್ತ್ವವನ್ನು ಸ್ಪಷ್ಟಪಡಿಸಿದ್ದರು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2009ರ ಒಂದು ತೀರ್ಪಿನಲ್ಲಿ, ಮೊದಲೇ ಇದ್ದ ಕಾಯಿಲೆಯನ್ನು ತಿಳಿಸದೆ ಪಡೆದ ವೈದ್ಯಕೀಯ ವಿಮೆಯ ಹಣವನ್ನು ನಿರಾಕರಿಸಿದುದು ಸರಿಯೆಂದು ಎತ್ತಿಹಿಡಿಯಿತು. ಎಂದರೆ, ಮುಚ್ಚಿಟ್ಟು ಪಡೆದ ವಿಮೆಯು ಬೇಕಾದ ಹೊತ್ತಿಗೆ ಕೈಕೊಡುವುದೇ ಹೆಚ್ಚು.

ಆದರೆ ಹಣ ಹೋಗುವುದಕ್ಕಿಂತ ದೊಡ್ಡ ಹಾನಿ ಬೇರೊಂದಿದೆ. ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಸಿಕೊಂಡ ಹುಡುಗಿ, ಚಳಿಗಾಲದ ಒಂದು ರಾತ್ರಿ ಗುರುತಿಲ್ಲದ ಊರಿನಲ್ಲಿ ಉಸಿರು ಕಟ್ಟಿದಾಗ ವೈದ್ಯರ ಮುಂದೆ ಏನು ಹೇಳಬೇಕು? ಬಾಲ್ಯದಿಂದಲೂ ಇದೆ ಎಂದರೆ ದಾಖಲೆಯಾಗುತ್ತದೆ, ವಿಮೆ ಹೋಗುತ್ತದೆ; ಇದೇ ಮೊದಲು ಎಂದರೆ ಚಿಕಿತ್ಸೆ ತಪ್ಪಬಹುದು. ಮಗಳನ್ನು ಕಾಪಾಡಲೆಂದು ಆಡಿದ ಸುಳ್ಳು ಮಗಳ ಪ್ರಾಣಕ್ಕೇ ಎರವಾಗುತ್ತದೆ. ಸತ್ಯವನ್ನು ಅಹಿಂಸೆಯ ರಕ್ಷಣೆಗಿರುವ ಬೇಲಿಯೆಂದು ಹಿರಿಯರು ಕಂಡುದು ಇದಕ್ಕಾಗಿಯೇ. ಇದರಲ್ಲಿ ಮಾಡಿದವರು, ಮಾಡಿಸಿದವರು, ಅನುಮೋದಿಸಿದವರು ಮೂವರಿಗೂ ಪಾಲಿದೆ ಎಂಬುದನ್ನು ಏಜೆಂಟರೂ ಬಂಧುಗಳೂ ಮರೆಯಬಾರದು.

ಕಂಪನಿಗಳೇ ಸಣ್ಣ ಅಕ್ಷರಗಳಲ್ಲಿ ಷರತ್ತುಗಳನ್ನು ಅಡಗಿಸುತ್ತವಲ್ಲ ಎಂಬ ಆಕ್ಷೇಪ ಬರಬಹುದು. ಅದು ನಿಜವಾದಲ್ಲಿ ಅದೂ ನ್ಯಾಸಾಪಹಾರದ ಜಾತಿಯದೇ. ನ್ಯಾಯವಾದ ಹಣವನ್ನು ತಡೆಯುವ ಸಂಸ್ಥೆ ದೋಷಮುಕ್ತವಲ್ಲ. ಆದರೆ ಒಬ್ಬನ ಅತಿಚಾರ ಇನ್ನೊಬ್ಬನ ವ್ರತವನ್ನು ಸಡಿಲಿಸಲಾರದು.

ಅನೇಕ ವೇಳೆ ಸುಳ್ಳಿನ ಅಗತ್ಯವೇ ಇರುವುದಿಲ್ಲ; ಅರಿವಿಲ್ಲದೆ ಜನ ಸುಳ್ಳಿಗೆ ಇಳಿಯುತ್ತಾರೆ. ಜರ್ಮನಿಯ ಶಾಸನಬದ್ಧ ವಿಮಾ ಸಂಸ್ಥೆಗಳು 30 ವರ್ಷದೊಳಗಿನ ವಿದ್ಯಾರ್ಥಿಗಳನ್ನು ಕಾಯಿಲೆ ವಿಚಾರಿಸದೆಯೇ ಸೇರಿಸಿಕೊಳ್ಳುತ್ತವೆ. ಅಗ್ಗದ ಖಾಸಗಿ ವಿಮೆಗೆ ಆಸೆಪಟ್ಟು ಅದರಿಂದ ವಿನಾಯಿತಿ ಪಡೆದವರು ಓದು ಮುಗಿಯುವ ತನಕ ಅಲ್ಲಿಗೆ ಮರಳುವುದು ಕಷ್ಟ. ಬ್ರಿಟನ್ನಿನಲ್ಲಿ 2015ರಿಂದ ವೀಸಾದೊಡನೆ ಆರೋಗ್ಯ ಶುಲ್ಕ ತೆರುವ ಪದ್ಧತಿಯಿದೆ. 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳಿಗೆ ಅದನ್ನು ವರ್ಷಕ್ಕೆ 776 ಪೌಂಡಿಗೆ ಏರಿಸಲಾಯಿತು. ಅದನ್ನು ತೆತ್ತವರಿಗೆ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ತೆರೆದಿರುತ್ತದೆ. ಆಸ್ಟ್ರೇಲಿಯದ ವಿದ್ಯಾರ್ಥಿ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿಗೆ ಒಳಪಟ್ಟ ಕಾಲೇಜು ವಿಮೆಗಳು ಹಳೆಯ ಕಾಯಿಲೆಯನ್ನು ಹೊರಗಿಡುವಂತಿಲ್ಲ. ಕಂತು ದುಬಾರಿ, ರಕ್ಷಣೆ ದೃಢ. ಕಂತಿನ ಮೊತ್ತವೊಂದನ್ನೇ ನೋಡದೆ ಇವನ್ನೆಲ್ಲ ವಿಚಾರಿಸುವುದು ವಿವೇಕ.

ಆದರೂ ಸತ್ಯ ಬರೆದು ನಷ್ಟಕ್ಕೆ ಒಳಗಾಗುವ ಕುಟುಂಬಗಳು ಇದ್ದೇ ಇರುತ್ತವೆ. ಸತ್ಯವಂತನನ್ನು ಒಂಟಿಯಾಗಿ ಬಿಟ್ಟು ಸತ್ಯವನ್ನು ಬೋಧಿಸುವ ಹಕ್ಕು ಸಮಾಜಕ್ಕಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಸಾವಿರ ವರ್ಷಗಳಷ್ಟು ಹಳೆಯ ಬಸದಿಗಳನ್ನು ನಿಲ್ಲಿಸಿದ, ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯಗಳನ್ನು ನಿತ್ಯ ನಡೆಸಿಕೊಂಡು ಬಂದ ಸಮಾಜವಿದು. ಬಸದಿಗಳ ಟ್ರಸ್ಟುಗಳು ವಿದ್ಯಾರ್ಥಿವೇತನ ಕೊಡುವಾಗ ಹೆಚ್ಚಿನ ಕಂತಿಗೂ ಒಂದು ಪಾಲು ಇಡಬಹುದು. ವಿದ್ಯಾದಾನ, ಔಷಧದಾನಗಳೆರಡೂ ಅಲ್ಲಿ ಒಂದಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಉಬ್ಬಸ, ಮೂರ್ಛೆರೋಗ, ಮನಸ್ಸಿನ ಕಾಯಿಲೆ ಎಂದೊಡನೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಹೆತ್ತವರು ನಡುಗುವಂತೆ ಮಾಡಿರುವವರು ನಾವೇ. ರೋಗವನ್ನು ಕಳಂಕವೆಂದು ಕಾಣುವ ನೆರೆಹೊರೆಯ ನಡುವೆ ಸತ್ಯ ನುಡಿಯುವುದು ಕಠಿಣ. ಆ ಕಾಠಿಣ್ಯವನ್ನು ತಗ್ಗಿಸುವುದೂ ಅಭಯದಾನವೇ.

ಕಳಸದ ಆ ಮನೆಯ ತಂದೆ ‘ಹೌದು’ ಎಂದು ಬರೆದರೆ ಕೆಲವು ಸಾವಿರ ರೂಪಾಯಿ ಹೆಚ್ಚು ಹೋಗಬಹುದು. ಆ ವರ್ಷ ತೋಟದ ಬೇಲಿಯ ಕೆಲಸ ಮುಂದಕ್ಕೆ ಹೋಗಬಹುದು. ಆದರೆ ಮಗಳು ವಿಮಾನ ಏರುವಾಗ ಯಾವ ವೈದ್ಯನಿಗೂ ಅಂಜಬೇಕಿಲ್ಲ. ತನಗಾಗಿ ತಂದೆ ಸುಳ್ಳು ಬರೆಯಲಿಲ್ಲವೆಂಬ ಅರಿವೂ ಅವಳ ಜೊತೆಗಿರುತ್ತದೆ. ಪರದೇಶಕ್ಕೆ ಕಟ್ಟಿಕೊಡುವ ಬುತ್ತಿಯಲ್ಲಿ ಅದಕ್ಕಿಂತ ಬಾಳಿಕೆ ಬರುವ ವಸ್ತು ಬೇರೆ ಇರಲಾರದು.