ಕೇಳಿಸಿಕೊಳ್ಳುವ ಋಣ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಕಬ್ಬು, ಭತ್ತ ಬೆಳೆದು ಉಳಿಸಿದ ಹಣ ಹಿಂದೆಲ್ಲ ಮನೆ ಕಟ್ಟುವುದಕ್ಕೋ ಮಗಳ ಮದುವೆಗೋ ಹೋಗುತ್ತಿತ್ತು. ಈಗ ಅದರಲ್ಲೊಂದು ಪಾಲು ಮಗಳ ಓದಿಗೆ ಹೋಗುತ್ತದೆ. ಇದು ಸಂತೋಷದ ಸಂಗತಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಿಂದಲೇ ಒಂದು ವೈದ್ಯಕೀಯ ಕಾಲೇಜಿದೆ, ಮಂಡ್ಯದಲ್ಲೂ ಇದೆ. ಆದರೆ ಡಾಕ್ಟರಾಗಬೇಕೆನ್ನುವ ಮಕ್ಕಳು ಹೆಚ್ಚು, ಸೀಟುಗಳು ಕಡಿಮೆ. ಸರ್ಕಾರಿ ಸೀಟು ಕೈತಪ್ಪಿದವರಲ್ಲಿ ಕೆಲವರು ರಷ್ಯಾದ ದಾರಿ ಹಿಡಿಯುತ್ತಾರೆ. ತಾಯಿಯ ಎರಡೆಳೆ ಸರ ಬ್ಯಾಂಕಿನ ಲಾಕರಿನಿಂದ ಬ್ಯಾಂಕಿನ ಅಡಮಾನಕ್ಕೆ ಸಾಗುತ್ತದೆ. ಮಗಳು ಹಿಮ ಬೀಳುವ ಊರಿಗೆ ಸಾಗುತ್ತಾಳೆ.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿರುವ ನನ್ನ ತಂಗಿಯ ಮಗಳೂ ಹಾಗೆ ಹೋದವಳು. ಒಂದು ಭಾನುವಾರ ಫೋನಿನಲ್ಲಿ ಅವಳು ಕೇಳಿದಳು: “ದೊಡ್ಡಮ್ಮ, ಪಾಠ ಎಲ್ಲ ಇಂಗ್ಲಿಷ್‌ನಲ್ಲೇ. ಊರಿಗೆ ಬಂದು ಬರೆಯೋ ಪರೀಕ್ಷೇನೂ ಇಂಗ್ಲಿಷೇ. ಈ ರಷ್ಯನ್ ಭಾಷೇನ ಪಾಸಾಗೋವಷ್ಟು ಕಲಿತರೆ ಸಾಲದಾ?” ಅವಳಮ್ಮನನ್ನು ಕೇಳಿದ್ದಳಂತೆ. “ಸಾಕು ಬಿಡವ್ವ, ಅದನ್ನ ಕಟ್ಕೊಂಡು ಇಲ್ಲಿ ಯಾರ ಹತ್ರ ಮಾತಾಡ್ತೀಯ” ಎಂದಿದ್ದಳಂತೆ ಅವಳು.

ಹುಡುಗಿಯ ಪ್ರಶ್ನೆಯನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಅವಳ ಕಡೆಯ ಲೆಕ್ಕ ನೋಡಿ. ಹೊರದೇಶದಲ್ಲಿ ಓದಿ ಬಂದವರಿಗೆ 2002ರಿಂದ ನಮ್ಮಲ್ಲೊಂದು ಪರೀಕ್ಷೆಯಿದೆ. ಮುನ್ನೂರು ಪ್ರಶ್ನೆಗಳಲ್ಲಿ ನೂರೈವತ್ತಕ್ಕಾದರೂ ಸರಿ ಉತ್ತರ ಬರೆಯದೆ ಇಲ್ಲಿ ವೈದ್ಯವೃತ್ತಿ ನಡೆಸುವಂತಿಲ್ಲ. 2021ರ ನಿಯಮಗಳು ಬೇರೆ ಸೇರಿಕೊಂಡಿವೆ: ಓದು ಕನಿಷ್ಠ 54 ತಿಂಗಳಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅಲ್ಲಿನ ಸಂಸ್ಥೆಯಲ್ಲೇ 12 ತಿಂಗಳು ಆಸ್ಪತ್ರೆಯ ತರಬೇತಿ ಮುಗಿಸಬೇಕು. ಮೇಲೆ ಸಾಲದ ಬಡ್ಡಿ. ಇಷ್ಟೆಲ್ಲ ಹೊತ್ತವಳಿಗೆ ಒಂದು ಗಂಟೆಯೂ ದುಬಾರಿ. ಮುಂದೆಂದೂ ಬಳಸದ ಭಾಷೆಗೆ ಆ ಗಂಟೆಯನ್ನು ಏಕೆ ಕೊಡಬೇಕು?

ಆದರೆ ಈ ಲೆಕ್ಕದಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ. ಪಾಠ ಇಂಗ್ಲಿಷಿನಲ್ಲಿರಬಹುದು, ರೋಗಿಯ ನರಳಾಟ ಇಂಗ್ಲಿಷಿನಲ್ಲಿರುವುದಿಲ್ಲ. ವಾರ್ಡಿಗೆ ಕಾಲಿಟ್ಟರೆ ಅಲ್ಲಿ ಮಲಗಿರುವವಳು ಯಾವುದೋ ಹಳ್ಳಿಯ ಅಜ್ಜಿ. ಅವರ ಮಾತಿನಲ್ಲಿ ‘ಬಾಬುಷ್ಕ’. ಅವಳಿಗೆ ಬರುವುದು ರಷ್ಯನ್ ಒಂದೇ.

ಹಿಂದಿನವರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1960ರಲ್ಲಿ ಮಾಸ್ಕೋದಲ್ಲಿ ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ವಿದ್ಯಾರ್ಥಿಗಳಿಗಾಗಿ ಒಂದು ವಿಶ್ವವಿದ್ಯಾನಿಲಯ ತೆರೆಯಿತು. ಮರುವರ್ಷ ಅದಕ್ಕೆ ಕಾಂಗೋ ದೇಶದ ನಾಯಕ ಪಾಟ್ರಿಸ್ ಲುಮುಂಬಾ ಅವರ ಹೆಸರಿಟ್ಟರು. 1992ರಲ್ಲಿ ಬಿಟ್ಟ ಆ ಹೆಸರನ್ನು 2023ರಲ್ಲಿ ಮತ್ತೆ ಇಟ್ಟಿದ್ದಾರೆ. ಅಂದು ಅಲ್ಲಿಗೆ ಹೋದವರು ಮೊದಲು ಭಾಷೆ ಕಲಿತು, ಆಮೇಲೆ ಆ ಭಾಷೆಯಲ್ಲೇ ಶಾಸ್ತ್ರ ಓದುತ್ತಿದ್ದರು. ಈಗ ಇಂಗ್ಲಿಷ್ ಮಾಧ್ಯಮ ಬಂದು ದಾರಿ ಸುಲಭವಾಗಿದೆ. ಸುಲಭವಾದ ದಾರಿಯಲ್ಲಿ ಯಾರನ್ನು ಬಿಟ್ಟು ಮುಂದೆ ಹೋಗುತ್ತಿದ್ದೇವೆಂದು ನೋಡುವುದು ಮಾತ್ರ ಕಷ್ಟವಾಗಿದೆ.

ಆ ಭಾಷೆಯೂ ನಾವು ಹೆದರುವಷ್ಟು ದೂರದ್ದಲ್ಲ. ಮೂವತ್ತಮೂರು ಅಕ್ಷರ. ಮೊದಲ ಪೆಟ್ಟು ಬೀಳುವುದು ಇಂಗ್ಲಿಷ್ ಬಲ್ಲವರಿಗೇ. ಬಿ ಎಂದು ಕಾಣುವುದು ‘ವ’, ಪಿ ಎಂದು ಕಾಣುವುದು ‘ರ’, ಎಚ್ ಎಂದು ಕಾಣುವುದು ‘ನ’. ಅಲ್ಲಿಂದ ಮುಂದೆ ಕನ್ನಡದವಳಿಗೆ ಅನುಕೂಲವೇ ಹೆಚ್ಚು. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಎಂದು ಬಾಯಿಪಾಠ ಮಾಡಿದವಳಿಗೆ ಅವರ ಆರು ವಿಭಕ್ತಿಗಳು ತೀರ ಅಪರಿಚಿತವಲ್ಲ. ‘ನಾನು ಡಾಕ್ಟರು’ ಎನ್ನಲು ನಮ್ಮ ಹಾಗೆ ಅವರಿಗೂ ಎರಡೇ ಪದ ಸಾಕು. ನೀನು, ನೀವು ಎಂಬ ಭೇದ ಅಲ್ಲೂ ಉಂಟು. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ತಂದೆಯ ಹೆಸರನ್ನೂ ಸೇರಿಸುತ್ತಾರೆ. ಆನ್ನಾ ಇವಾನೊವ್ನಾ ಎಂದರೆ ಇವಾನನ ಮಗಳು ಆನ್ನಾ. ನೋವಿಗೆ ಅವರು ‘ಬೋಲ್’ ಎನ್ನುತ್ತಾರೆ, ಆಸ್ಪತ್ರೆಗೆ ‘ಬೋಲ್ನಿತ್ಸ’. ಆಸ್ಪತ್ರೆಯ ಹೆಸರಿನಲ್ಲೇ ನೋವು ಕೂತಿದೆ.

ಈಗ ಆ ಬಾಬುಷ್ಕಳ ಹಾಸಿಗೆಯ ಬಳಿ ನಿಂತು ನೋಡೋಣ. ಅವಳ ಕಾಯಿಲೆಗೆ ದೊಡ್ಡ ಡಾಕ್ಟರು ಆಗಲೇ ಔಷಧ ಬರೆದಿದ್ದಾರೆ. ಆಮೇಲೆ ವಿದ್ಯಾರ್ಥಿಗಳು ಬರುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ, ನೋಯುವ ಜಾಗವನ್ನೇ ಒತ್ತಿ ನೋಡುತ್ತಾರೆ, ತಣ್ಣಗಿನ ಸ್ಟೆತಾಸ್ಕೋಪ್ ಎದೆಗೆ ಇಡುತ್ತಾರೆ. ಇದರಿಂದ ಅವಳಿಗೆ ದಮ್ಮಡಿಯ ಪ್ರಯೋಜನವಿಲ್ಲ. ಆದರೂ ಬೆನ್ನು ತಿರುಗಿಸಿ ಕೂರುತ್ತಾಳೆ, ಉಸಿರೆಳೆದು ಬಿಡುತ್ತಾಳೆ. ಹೀಗೆ ತಯಾರಾಗುವ ಡಾಕ್ಟರು ಅವಳ ಊರಿನಲ್ಲಿ ಉಳಿಯುವವಳೂ ಅಲ್ಲ. ಮಂಡ್ಯ ಜಿಲ್ಲೆಗೆ ಹಿಂತಿರುಗುವವಳು. ಹಾಗಾದರೆ ಈ ಲೇವಾದೇವಿಯಲ್ಲಿ ಅಜ್ಜಿಗೆ ಸಿಕ್ಕಿದ್ದೇನು? ವಿಶ್ವವಿದ್ಯಾನಿಲಯಕ್ಕೆ ಶುಲ್ಕ ಸಂದಿದೆ, ಹಾಸ್ಟೆಲಿಗೆ ಬಾಡಿಗೆ ಸಂದಿದೆ. ತನ್ನ ನೋವನ್ನೇ ಪಠ್ಯಪುಸ್ತಕದಂತೆ ಬಿಚ್ಚಿಟ್ಟವಳಿಗೆ ಏನೂ ಸಂದಿಲ್ಲ.

ನೀವು ಕೇಳಬಹುದು: ಯಾರೂ ಮಾತಾಡಿಕೊಳ್ಳದ ಸಾಲ ಸಾಲವೇ? ಶ್ರೀರಂಗಪಟ್ಟಣದ ಹೊಳೆ ದಾಟಿಸುವ ಅಂಬಿಗನಿಗೆ ಇಷ್ಟು ದುಡ್ಡೆಂದು ಮೊದಲೇ ಮಾತಾಗಿರುತ್ತದೆ, ಕೊಟ್ಟರೆ ತೀರಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಗಾದೆಯೂ ಇದೆ. ಆ ಗಾದೆ ನಮ್ಮವರು ಹೆಮ್ಮೆಪಡಲೆಂದು ಕಟ್ಟಿದ್ದಲ್ಲ, ನಾಚಿಕೊಳ್ಳಲೆಂದು ಕಟ್ಟಿದ್ದು. ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಪತ್ರವಿದೆ, ಸಾಕ್ಷಿಯಿದೆ, ಕೊನೆಯ ಕಂತಿದೆ. ಋಣ ಹಾಗಲ್ಲ. ಹೆರಿಗೆಯಲ್ಲಿ ರಾತ್ರಿಯಿಡೀ ಕೂತ ಪಕ್ಕದ ಮನೆಯವಳ ಜೊತೆ ನಾವು ಯಾವ ಕರಾರನ್ನೂ ಬರೆದುಕೊಂಡಿರುವುದಿಲ್ಲ. ಆದರೂ ಅವಳ ಮನೆಯಲ್ಲಿ ಕಷ್ಟ ಬಂದಾಗ ಬಾಗಿಲು ಹಾಕಿಕೊಂಡು ಕೂರಲು ಮನಸ್ಸು ಒಪ್ಪುವುದಿಲ್ಲ. ಹೆಂಗಸರಾದ ನಮಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಾಬುಷ್ಕಳ ಋಣವನ್ನು ಹಣದಲ್ಲಿ ತೀರಿಸಲಾಗದು. ವಿದ್ಯಾರ್ಥಿನಿಯ ಕೈಯಲ್ಲಿ ಕೊಡುವಂಥದ್ದು ಒಂದೇ ಇದೆ: ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಕೇಳಿಸಿಕೊಳ್ಳುವುದು. ಬಾಯಿಪಾಠ ಮಾಡಿದ ಹತ್ತು ಪ್ರಶ್ನೆಗಳಿಂದ ಇದು ಆಗುವ ಕೆಲಸವಲ್ಲ. ಪ್ರಶ್ನೆಯನ್ನು ಉರು ಹೊಡೆಯಬಹುದು, ಉತ್ತರವನ್ನು ಉರು ಹೊಡೆಯಲಾಗದು. ‘ಎಲ್ಲಿ ನೋಯುತ್ತದೆ’ ಎಂದು ಕೇಳಿದರೆ ಮುದುಕಿ ಗಂಡ ಸತ್ತ ವರ್ಷದಿಂದ ಕಥೆ ಶುರುಮಾಡುತ್ತಾಳೆ. ಎದೆನೋವಿನ ಸುಳಿವು ಆ ಕಥೆಯ ನಡುವೆ ಎಲ್ಲೋ ಇರುತ್ತದೆ. ಪಾಸಾಗುವಷ್ಟು ಭಾಷೆ ಕಲಿತವಳಿಗೆ ಆ ಸುಳಿವು ಕೈಗೆ ಸಿಗುವುದಿಲ್ಲ.

ರಷ್ಯಾದ ಕಥೆಗಾರ ಚೆಕಾಫ್ ಕೂಡ ಡಾಕ್ಟರೇ. 1884ರಲ್ಲಿ ಮಾಸ್ಕೋದಲ್ಲಿ ವೈದ್ಯಕೀಯ ಮುಗಿಸಿದವನು. 1892ರಿಂದ ಕೆಲವು ವರ್ಷ ಮೆಲಿಖೊವೊ ಎಂಬ ಹಳ್ಳಿಯಲ್ಲಿದ್ದಾಗ ಸುತ್ತಲ ರೈತರಿಗೆ ಹಣ ಪಡೆಯದೆ ಮದ್ದು ಕೊಟ್ಟ. ಅವನ ಕಥೆಗಳ ಬಡವರು ಮಾತಾಡುವುದನ್ನು ಓದಿದರೆ, ಈ ಮನುಷ್ಯ ನಾಡಿ ಹಿಡಿದಾಗ ಕಿವಿಯನ್ನೂ ತೆರೆದಿಟ್ಟಿದ್ದ ಎಂದು ನನಗೆ ಅನ್ನಿಸುತ್ತದೆ.

“ಅಲ್ಲಿ ಕಲಿತದ್ದು ಇಲ್ಲಿ ಏನು ಪ್ರಯೋಜನ” ಎನ್ನುವ ನನ್ನ ತಂಗಿಗೂ ಒಂದು ಮಾತಿದೆ. ಕೃಷ್ಣರಾಜಪೇಟೆಯ ಆಸ್ಪತ್ರೆಗೆ ಬರುವ ಹಳ್ಳಿಯ ಹೆಂಗಸು ಪುಸ್ತಕದ ಕನ್ನಡದಲ್ಲಿ ರೋಗ ಹೇಳುವುದಿಲ್ಲ. “ಎದೆ ಹಿಡ್ಕಂಡಂಗಾಯ್ತದೆ ಕನವ್ವ” ಎನ್ನುತ್ತಾಳೆ, “ಸಂಕಟ” ಎನ್ನುತ್ತಾಳೆ. ಆ ಸಂಕಟ ವಾಕರಿಕೆಯಿರಬಹುದು, ಎದೆಯುರಿಯಿರಬಹುದು, ಕುಡುಕ ಗಂಡನಿರಬಹುದು. ಆರು ವರ್ಷ ರೋಗಿಯ ಮಾತನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋಗುವುದನ್ನು ಅಭ್ಯಾಸ ಮಾಡಿದವಳಿಗೆ, ಇಲ್ಲಿಗೆ ಬಂದೊಡನೆ ಪೂರ್ತಿ ಕೇಳುವ ತಾಳ್ಮೆ ಎಲ್ಲಿಂದ ಬಂದೀತು?

ಇದು ಪ್ರಯೋಜನದ ಮಾತಾಯಿತು. ಪ್ರಯೋಜನವಿಲ್ಲದಿದ್ದರೂ ಋಣ ಋಣವೇ. ಇಲ್ಲೊಂದು ತೊಡಕಿದೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ. ಮಾರ್ಚ್ 1ರಂದು ತಿನ್ನುವ ಪದಾರ್ಥ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಬಲಿಯಾದ. ಇಷ್ಟಾದ ಮೇಲೂ ಆ ದೇಶದ ಋಣ ಎನ್ನುವುದು ಹೇಗೆ? ನನ್ನ ಉತ್ತರ ಇಷ್ಟೇ: ಋಣವಿರುವುದು ಹಾಸಿಗೆಯ ಮೇಲೆ ಬೆನ್ನು ತಿರುಗಿಸಿ ಕೂತ ಮುದುಕಿಗೆ, ಫಿರಂಗಿ ಹಾರಿಸಲು ಅಪ್ಪಣೆ ಕೊಟ್ಟವರಿಗಲ್ಲ. ಮುದುಕಿಯ ಭಾಷೆಯನ್ನು ಪ್ರೀತಿಯಿಂದ ಕಲಿತವಳು ಯುದ್ಧವನ್ನು ಒಪ್ಪಬೇಕಾಗಿಲ್ಲ.

ನವೀನನ ದೇಹ ಮಾರ್ಚ್ 21ರಂದು ಊರಿಗೆ ಬಂತು. ತಂದೆತಾಯಿ ಪೂಜೆ ಮುಗಿಸಿ, ಆ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಸಂಸ್ಥೆಗೆ ಮಕ್ಕಳ ಓದಿಗಾಗಿ ಕೊಟ್ಟರು. ಡಾಕ್ಟರಾಗಿ ಬರಬೇಕಿದ್ದ ಮಗ ಡಾಕ್ಟರಾಗುವವರ ಪಾಠವಾದ. ಆ ತಾಯಿಗೆ ಯಾರೂ ಲೆಕ್ಕ ಕೇಳಿರಲಿಲ್ಲ. ವೈದ್ಯವಿದ್ಯೆ ಯಾರದೋ ದೇಹದಿಂದ ಕಲಿತು ಇನ್ಯಾರದೋ ದೇಹಕ್ಕೆ ಸಲ್ಲಿಸುವ ವಿದ್ಯೆ ಎಂಬುದನ್ನು ಆ ಮನೆಯವರು ನಮಗೆಲ್ಲ ತೋರಿಸಿಕೊಟ್ಟರು.

ತಂಗಿಯ ಮಗಳಿಗೆ ನಾನು ಉಪದೇಶ ಮಾಡಲಿಲ್ಲ. ಅವಳ ಗಂಟೆಗಳು ಅವಳವು, ಪರೀಕ್ಷೆಯ ಭಯವೂ ಅವಳದೇ. “ದಿನಕ್ಕೆ ಒಬ್ಬರ ಮಾತನ್ನಾದರೂ ಕೊನೆಯವರೆಗೆ ಕೇಳು, ಅದಕ್ಕೆ ಎಷ್ಟು ಭಾಷೆ ಬೇಕೋ ಅಷ್ಟು ಕಲಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತುಂಬಾನೇ ಕಲೀಬೇಕಾಗುತ್ತೆ ದೊಡ್ಡಮ್ಮ” ಎಂದಳು.

ಮಕ್ಕಳನ್ನು ದೂರ ಕಳುಹಿಸಿದ ತಾಯಂದಿರು ಫೋನಿನಲ್ಲಿ ಮಾಮೂಲಾಗಿ ಕೇಳುವುದು ಎರಡೇ ಪ್ರಶ್ನೆ: ಊಟ ಆಯಿತಾ, ಮಾರ್ಕ್ಸ್ ಎಷ್ಟು ಬಂತು. ಮೂರನೆಯದೊಂದನ್ನು ಸೇರಿಸಿಕೊಳ್ಳಬಾರದೇ? ಇವತ್ತು ಯಾರ ಮಾತು ಕೇಳಿಸಿಕೊಂಡೆ, ಮಗಳೇ?