ಸಣ್ಣ ಅಕ್ಷರದ ಸತ್ಯ

ಸುಳ್ಳಾಡಬಾರದೆಂದು ನಾವು ಮಕ್ಕಳಿಗೆ ನಿತ್ಯವೂ ಬೋಧಿಸುತ್ತೇವೆ. ಆದರೆ ನಿಜವನ್ನೂ ಹೇಳಿ, ಅದು ಕೇಳುವವನಿಗೆ ತಲುಪದಂತೆ ಹೇಳಿದ್ದರೆ, ಆ ಮಾತನ್ನು ಸತ್ಯವೆನ್ನಬೇಕೆ, ಸುಳ್ಳೆನ್ನಬೇಕೆ? ಈ ಪ್ರಶ್ನೆ ಹೊಸದಲ್ಲ. ಕುರುಕ್ಷೇತ್ರದಲ್ಲಿ ಧರ್ಮರಾಯನು ಅಶ್ವತ್ಥಾಮನು ಸತ್ತನೆಂದು ದ್ರೋಣನಿಗೆ ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆಯೆಂಬುದನ್ನು ಮೆಲ್ಲನೆ ನುಡಿದನು. ಅಲ್ಲಿಯವರೆಗೆ ನೆಲವನ್ನು ಸೋಕದೆ ಚಲಿಸುತ್ತಿದ್ದ ಆತನ ರಥವು ಆ ಕ್ಷಣವೇ ನೆಲಕ್ಕಿಳಿಯಿತಂತೆ. ಮೆಲುದನಿಯ ನಿಜವು ಗಟ್ಟಿದನಿಯ ಮೋಸವನ್ನು ತೊಳೆಯಲಾರದೆಂಬುದೇ ಈ ಕಥೆಯ ತಾತ್ಪರ್ಯ.

ಇಂದಿನ ಜಾಹೀರಾತುಗಳಲ್ಲಿ ಆ ಮೆಲುದನಿಯ ಸ್ಥಾನವನ್ನು ಸಣ್ಣ ಅಕ್ಷರಗಳು ಪಡೆದಿವೆ. ಬೆಂಗಳೂರಿನಲ್ಲಿ ನೆಲೆಯುಳ್ಳ ರ್ಯಾಪಿಡೊ ಎಂಬ ಸಂಸ್ಥೆಯು ಮೊಬೈಲಿನ ಮೂಲಕ ಆಟೋ, ಬೈಕುಗಳನ್ನು ಪ್ರಯಾಣಿಕರಿಗೆ ಗೊತ್ತುಮಾಡಿಕೊಡುತ್ತದೆ. ಐದು ನಿಮಿಷದೊಳಗೆ ಆಟೋ ಬರುವುದು, ಬಾರದಿದ್ದರೆ 50 ರೂಪಾಯಿ ದೊರೆಯುವುದು ಎಂದು ಅದು ಸಾರಿತು. ಇದನ್ನು ವಿಚಾರಿಸಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕಂಡುದೇನು? ದೊರೆಯುತ್ತಿದ್ದುದು 50 ರೂಪಾಯಿಯಲ್ಲ, 50 ರೂಪಾಯಿಯವರೆಗೆ. ಅದೂ ನಗದಲ್ಲ, ಸಂಸ್ಥೆಯದೇ ‘ಕಾಯಿನ್’. ಅದನ್ನು ಬೈಕಿನ ಪ್ರಯಾಣಕ್ಕೆ ಮಾತ್ರ, ಏಳು ದಿನಗಳೊಳಗೆ ಬಳಸಬೇಕು. ಖಾತರಿ ಕೊಡುವವನು ಚಾಲಕನೇ ಹೊರತು ಸಂಸ್ಥೆಯಲ್ಲವೆಂಬುದು ಷರತ್ತುಗಳಲ್ಲಿ ಅಡಗಿತ್ತು. ಎಚ್ಚರಿಕೆಯ ಮಾತುಗಳು ಓದಲಾರದಷ್ಟು ಸಣ್ಣದಾಗಿದ್ದವು. 2025ರ ಆಗಸ್ಟಿನಲ್ಲಿ ಪ್ರಾಧಿಕಾರವು 10 ಲಕ್ಷ ರೂಪಾಯಿ ದಂಡ ವಿಧಿಸಿ, ಹಣ ದೊರೆಯದ ಪ್ರಯಾಣಿಕರಿಗೆ ಅದನ್ನು ಸಲ್ಲಿಸಬೇಕೆಂದು ಆಜ್ಞಾಪಿಸಿತು.

ಕೊಳ್ಳುವವನೇ ಎಚ್ಚರವಾಗಿರಬೇಕಲ್ಲವೆ, ತನ್ನ ಸರಕನ್ನು ಹೊಗಳಿಕೊಳ್ಳದ ವ್ಯಾಪಾರಿ ಎಲ್ಲಿದ್ದಾನೆ ಎಂದು ಕೆಲವರು ಕೇಳಬಹುದು. ಹೊಗಳಿಕೆಗೂ ಭರವಸೆಗೂ ಭೇದವಿದೆ. ‘ಸುಖಕರ ಪ್ರಯಾಣ’ ಎಂಬುದು ಹೊಗಳಿಕೆ. ಅದನ್ನು ಕೇಳಿ ಯಾರೂ ತಮ್ಮ ದಿನಚರಿಯನ್ನು ಬದಲಿಸರು. ‘ಐದು ನಿಮಿಷ’ ಎಂಬುದು ಅಳತೆ. ಅದನ್ನು ನಂಬಿ ಒಬ್ಬನು ಪರೀಕ್ಷೆಗೆ ಹೊರಡುತ್ತಾನೆ, ಒಬ್ಬಳು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಡುತ್ತಾಳೆ. ಅಂಕಿಯನ್ನು ಉಚ್ಚರಿಸಿದೊಡನೆ ವ್ಯಾಪಾರಿಯು ಹೊಗಳಿಕೆಯನ್ನು ಬಿಟ್ಟು ಋಣದಲ್ಲಿ ಕಾಲಿಟ್ಟನೆಂದೇ ನಾವು ತಿಳಿಯುತ್ತೇವೆ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇದೇ ಜಾಡಿನಲ್ಲಿದೆ. ಅಪ್ಪಟ ಸುಳ್ಳಷ್ಟೇ ಅಲ್ಲ, ಗ್ರಾಹಕನನ್ನು ದಾರಿತಪ್ಪಿಸುವ ಸಂಭವವಿರುವ ಮಾತೂ, ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರ ದೃಷ್ಟಿಯಲ್ಲಿ ತಪ್ಪು. ಹೇಳಿದವನು ಏನು ಹೇಳಿದನೆಂಬುದರ ಜೊತೆಗೆ, ಕೇಳಿದವನಿಗೆ ಏನು ತಿಳಿಯಿತೆಂಬುದನ್ನೂ ಅದು ತೂಗುತ್ತದೆ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಮಾತಿದೆ. 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲೂಕು ಇಂದು ತೆಲಂಗಾಣದಲ್ಲಿದೆ. ಜೂರಾಲ ಅಣೆಕಟ್ಟಿನ ಸುತ್ತಣ ಈ ಸೀಮೆಯಲ್ಲಿ, ಮಕ್ತಲ್, ನಾರಾಯಣಪೇಟೆಗಳಲ್ಲಿ, ಕನ್ನಡ ಕಲಿತ ಮಗುವು ಬಸ್ಸಿನ ಫಲಕವನ್ನು ತೆಲುಗಿನಲ್ಲಿ ಓದುತ್ತದೆ, ಮೊಬೈಲಿನ ಷರತ್ತನ್ನು ಇಂಗ್ಲಿಷಿನಲ್ಲಿ ಎದುರಿಸುತ್ತದೆ. ಆಮಿಷವನ್ನು ತಿಳಿದ ಭಾಷೆಯಲ್ಲಿಯೂ ಷರತ್ತನ್ನು ತಿಳಿಯದ ಭಾಷೆಯಲ್ಲಿಯೂ ಹೇಳುವುದು ಸಣ್ಣ ಅಕ್ಷರಕ್ಕಿಂತಲೂ ಸಣ್ಣತನ. 2022ರ ಜೂನ್ 9ರ ಮಾರ್ಗಸೂಚಿಗಳು ಇದನ್ನು ಮನಗಂಡಿವೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರರೂಪದಲ್ಲಿ ಇರತಕ್ಕದ್ದೆಂದು ಅವು ವಿಧಿಸುತ್ತವೆ.

ಆದಕಾರಣ ಉಪಾಧ್ಯಾಯ ಬಂಧುಗಳು ಭಾಷಾಪಾಠದಲ್ಲಿ ಒಮ್ಮೊಮ್ಮೆ ಜಾಹೀರಾತೊಂದನ್ನು ಓದಿಸುವುದು ಒಳ್ಳೆಯದು. ಇಲ್ಲಿ ಹೊಗಳಿಕೆ ಯಾವುದು, ಭರವಸೆ ಯಾವುದು, ಷರತ್ತು ಎಲ್ಲಿದೆ ಎಂದು ವಿದ್ಯಾರ್ಥಿಗಳು ಗುರುತಿಸಲಿ. ಮೋಸಹೋದವರು 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಬಹುದೆಂಬುದನ್ನೂ ತಿಳಿದಿರಲಿ.

ಕಾಯಿದೆಯು 50 ರೂಪಾಯಿಯನ್ನು ಮರಳಿ ಕೊಡಿಸಬಲ್ಲದು. ದಾರಿಯಲ್ಲಿ ಕಾದು ಕಳೆದ ಹೊತ್ತನ್ನು ಕೊಡಿಸಲಾರದು. ಆ ಹೊತ್ತನ್ನು ಕಾಯಬಲ್ಲುದು ಮಾತಾಡುವವನ ಪ್ರಾಮಾಣಿಕತೆಯೊಂದೇ. ಕೇಳುವವನಿಗೆ ತಿಳಿಯುವಂತೆ ಹೇಳಿದ ನಿಜವನ್ನು ಮಾತ್ರ ನಿಜವೆಂದು ಕರೆಯುವ ಅಭ್ಯಾಸವು ನಮ್ಮ ಮಕ್ಕಳಲ್ಲಿ ಬೆಳೆಯಲಿ. ನಾಳೆ ಅವರಲ್ಲಿ ಯಾರಾದರೂ ವಾಹನ ನಡೆಸಿದರೆ, ತಮ್ಮ ಷರತ್ತುಗಳನ್ನು ದೊಡ್ಡ ಅಕ್ಷರದಲ್ಲಿಯೇ ಬರೆದಾರು.