ಯಾರ ಅಂಗಳ, ಯಾರ ನಿಯಮ

ನಿಮ್ಮನ್ನೊಂದು ಪ್ರಶ್ನೆ ಕೇಳಬೇಕು. ಆಟ ನಿಮ್ಮ ಅಂಗಳದಲ್ಲಿ, ನಿಯಮವೂ ನಿಮ್ಮದೇ. ಅಲ್ಲಿ ಗೆದ್ದರೆ ಆ ಗೆಲುವಿನಲ್ಲಿ ನಿಮ್ಮದೆಷ್ಟು, ಅಂಗಳದ್ದೆಷ್ಟು?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಮೊಟ್ಟಮೊದಲ ಸೀಸನ್ ಬಗ್ಗೆ ಓದುವಾಗ ಇದು ತಲೆಗೆ ಹೊಕ್ಕಿತು. 1869. ಇದ್ದದ್ದು ಎರಡೇ ತಂಡ, ಎರಡೇ ಪಂದ್ಯ. (ಡೇಟಾ ಸೈನ್ಸ್ ಮಾಡೋರಿಗೆ ಇಷ್ಟು ಸಣ್ಣ ಟೇಬಲ್ ನೋಡಿದರೆ ನಗು ಬರುತ್ತೆ.) ನವೆಂಬರ್ 6ರಂದು ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜಿಗೆ ಪ್ರಿನ್ಸ್‌ಟನ್ ಹುಡುಗರು ಬಂದರು. ಒಂದೊಂದು ಕಡೆ 25 ಜನ. ಚೆಂಡನ್ನು ಒದೀಬಹುದು, ಕೈಯಲ್ಲಿ ತಟ್ಟಬಹುದು, ಎತ್ತಿಕೊಂಡು ಓಡುವ ಹಾಗಿಲ್ಲ. ಪ್ರಿನ್ಸ್‌ಟನ್‌ನವರ ಆಟದಲ್ಲಿ ಇನ್ನೊಂದು ನಿಯಮವಿತ್ತು: ಚೆಂಡು ಹಿಡಿದವನಿಗೆ ಒಂದು ಫ್ರೀ ಕಿಕ್. ನಮ್ಮ ಓಣಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಕ್ಯಾಚ್ ಔಟೋ ಅಲ್ಲವೋ ಅಂತ ಮೊದಲೇ ಮಾತಾಡಿಕೊಳ್ಳಲ್ವಾ, ಹಾಗೆ. ಪ್ರಿನ್ಸ್‌ಟನ್ ನಾಯಕ ವಿಲಿಯಂ ಗಮ್ಮೇರ್ ಅದನ್ನು ಬಿಟ್ಟುಕೊಟ್ಟ. ರಟ್ಗರ್ಸ್ 6–4ರಲ್ಲಿ ಗೆದ್ದಿತು. ಮುಂದಿನ ವಾರ ಪ್ರಿನ್ಸ್‌ಟನ್ ಅಂಗಳದಲ್ಲಿ ಫ್ರೀ ಕಿಕ್ ಬಂತು. ಪ್ರಿನ್ಸ್‌ಟನ್ 8, ರಟ್ಗರ್ಸ್ 0. ಮೂರನೇ ಪಂದ್ಯ ನಡೆಯಲೇ ಇಲ್ಲ.

ದಶಕಗಳ ನಂತರ ದಾಖಲೆ ಬರೆದವರಿಗೆ ಚಾಂಪಿಯನ್ ಬೇಕಾಯಿತು. ಕೆಲವರು ಪ್ರಿನ್ಸ್‌ಟನ್ ಅಂದರು, ಕೆಲವರು ಇಬ್ಬರೂ ಅಂದರು. ನಾನು ಕೆಲಸದಲ್ಲಿ ಮಾಡೋದೂ ಇದನ್ನೇ: ಅಂಕೆ ಇಟ್ಟುಕೊಂಡು, ಅದು ಯಾರ ಅಂಗಳದ್ದು ಅನ್ನೋ ಕಾಲಂ ಅಳಿಸೋದು.

ಗಮ್ಮೇರ್ ಮುಂದೆ ನ್ಯೂಜೆರ್ಸಿಯ ಮುಖ್ಯ ನ್ಯಾಯಾಧೀಶನಾದ. ಆದರೆ ತನ್ನ ಮನೆಯಂಗಳದಲ್ಲಿ ಅವನೂ ತನ್ನದೇ ನಿಯಮ ಹಾಕಿದವನು. ತಪ್ಪು ಅನ್ನೋಕಾಗಲ್ಲ, ಸರದಿ ಪ್ರಕಾರ ಸಿಕ್ಕ ನ್ಯಾಯ ಅದು. ಆದರೆ ಸರದಿ ನ್ಯಾಯ ನಡೆಯಬೇಕಾದರೆ ಇಬ್ಬರಿಗೂ ಒಂದೊಂದು ಅಂಗಳ ಇರಬೇಕು.

ನಾವಿರೋದು ದುಬೈನ ಮುಹೈಸ್ನಾದಲ್ಲಿ. ಈ ಕಡೆ ನಮ್ಮಂಥ ಸಂಸಾರಸ್ಥರ ಫ್ಲ್ಯಾಟುಗಳು, ಆ ಕಡೆ ಮುಹೈಸ್ನಾ 2ರಲ್ಲಿ ಕಾರ್ಮಿಕರ ಕ್ಯಾಂಪುಗಳು. ಜನ ಅದನ್ನು ಸೋನಾಪುರ ಅಂತಾರೆ, ಕನ್ನಡದಲ್ಲಾದರೆ ಹೊನ್ನೂರು. ಅಲ್ಲಿರುವವನಿಗೆ ‘ಈಗ ನನ್ನ ಅಂಗಳಕ್ಕೆ ಬಾ’ ಅಂತ ಕರೆಯೋಕೆ ಇಲ್ಲಿ ಜಾಗವಿಲ್ಲ. ನನ್ನ ಮಗನಿಗೆ ಇದೆಯಾ? ಇಲ್ಲೇ ಹುಟ್ಟಿದವನು, ವೀಸಾದಲ್ಲಿರುವವನು. ಹೋದ ರಜೆಗೆ ಊರಿಗೆ ಹೋದಾಗ, ಪಾಪ, ಮರ್ಯಾದೆ ಕೊಡಬೇಕು ಅಂತ ಕಲಿತಿದ್ದವನು ‘ನಾಯಿ ಬಂದ್ರು’ ಅಂದುಬಿಟ್ಟ. ರಜೆ ಮುಗಿಯೋವರೆಗೂ ಅಕ್ಕನ ಮಗನಿಗೆ ಅದೇ ಹಾಸ್ಯ. ‘ನಾಯಿಯವರು ಊಟ ಮಾಡಿದ್ರಾ?’

ಡಿಸೆಂಬರ್‌ನಲ್ಲಿ ಅಕ್ಕನ ಮಗ ಇಲ್ಲಿಗೆ ಬಂದ. ಕೆಳಗೆ ಆಡುವ ಹುಡುಗರ ಹಿಂದಿ-ಇಂಗ್ಲಿಷ್ ಅವನಿಗೆ ಹತ್ತಲಿಲ್ಲ. ಎಲ್ಲರೂ ನಕ್ಕರು, ನನ್ನ ಮಗ ಎಲ್ಲರಿಗಿಂತ ಜೋರಾಗಿ. ನಾನು ಬಾಲ್ಕನಿಯಲ್ಲಿದ್ದೆ, ಎಲ್ಲಾ ಕೇಳಿಸಿತು. ಕೂಗಿ ಬೈಯಬಹುದಿತ್ತು. ಬೈಯಲಿಲ್ಲ. ನಿಜ ಹೇಳ್ತೀನಿ, ಒಳಗೊಳಗೇ ಖುಷಿಯಾಯ್ತು: ಈಗ 1–1.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮಗ ಕನ್ನಡದಲ್ಲೂ ಮಾತಾಡಲಿಲ್ಲ. ‘ಸಾರು ಹಾಕ್ಲಾ?’ ಅಂದರೆ ತಲೆ ಆಡಿಸಿದ, ಅಷ್ಟೇ.

ಜುಲೈಗೆ ಮತ್ತೆ ಊರಿಗೆ ಹೋಗ್ತಿದ್ದೀವಿ. ಅದಕ್ಕೆ ಮುಂಚೆ ಅಕ್ಕನಿಗೆ ಫೋನ್ ಮಾಡಿ, ಆವತ್ತು ನಾನು ಬಾಲ್ಕನಿಯಲ್ಲೇ ನಿಂತಿದ್ದೆ ಅಂತ ಹೇಳಬೇಕು. ಇನ್ನೂ ಮಾಡಿಲ್ಲ.